ನಿಂತ ಪಂಜರಕ್ಕೆ ಒಂದು ಬಡಿತ

"ಎತ್ತರ ನೋಡ್ಕೊಂಡು ನಿಲ್ಲಿ, ಎತ್ತರ ನೋಡ್ಕೊಂಡು," ಎನ್ನುತ್ತ ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಳ್ಳುವ ಪ್ಯಾಲಿಸ್ಟರ್ ಐವರು ಮುದುಕರನ್ನು ಹಾರ್ಲ್ ಮನೆಯ ಹಿತ್ತಿಲ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಿದ್ದ. ಶವಪೆಟ್ಟಿಗೆ ಹೊರುವವರ ಹೆಗಲು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಒಳಗಿರುವವನು ಒಂದು ಪಕ್ಕಕ್ಕೆ ಜಾರುತ್ತಾನೆ. ಐವರೂ ಬ್ರಾಕ್‌ಸೈಡ್‌ನ ಕಲ್ಲಿದ್ದಲ ಗಣಿಯಲ್ಲಿ ನಲವತ್ತು ವರ್ಷ ಬಗ್ಗಿ ದುಡಿದವರು. ಯಾರ ಬೆನ್ನು ಎಲ್ಲಿಯವರೆಗೆ ನೆಟ್ಟಗಾಗುತ್ತದೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

"ನನ್ನ ಅಳತೆ ಹಿಡೀಬೇಡ ಮಾರಾಯ," ಎಂದ ಜಾಬ್ಲಿಂಗ್. "ನಂಗಿನ್ನೂ ಟೈಮಿದೆ."

"ನಿನ್ನ ಅಳತೆ ಹೋದ ವರ್ಷವೇ ಬರೆದಿಟ್ಟಿದೀನಿ," ಎಂದು ಪ್ಯಾಲಿಸ್ಟರ್ ನಗದೆ ಹೇಳಿ ಮತ್ತೊಮ್ಮೆ ತಲೆ ಎಣಿಸಿದ. "ಐದೇ ಜನ. ಆರನೆಯವರು ಎಲ್ಲಿ?"

 ಅಡುಗೆಮನೆಯ ಬಾಗಿಲಲ್ಲಿ ಹ್ಯಾನಾ ಹಾರ್ಲ್ ಕಾಣಿಸಿಕೊಂಡಳು. ಗಂಡ ಸೆಪ್ ಸತ್ತು ಮೂರು ದಿನವಾಗಿತ್ತು. ಕಪ್ಪು ಬಟ್ಟೆಯ ಮೇಲೆ ಏಪ್ರನ್ ಕಟ್ಟಿಕೊಂಡಿದ್ದಳು, ಕೈಯಲ್ಲಿ ಹ್ಯಾಮ್ ಕೊಯ್ಯುವ ಚಾಕು. ಇಂಗ್ಲೆಂಡಿನ ಉತ್ತರಕ್ಕಿರುವ ನಮ್ಮ ಡರ್ಹಮ್ ಸೀಮೆಯಲ್ಲಿ ಒಬ್ಬನನ್ನು ಮರ್ಯಾದೆಯಿಂದ ಮಣ್ಣು ಮಾಡಿದರು ಎನ್ನಬೇಕಾದರೆ ಬಂದವರಿಗೆಲ್ಲ ಉಪ್ಪಿನಲ್ಲಿಟ್ಟ ಹಂದಿಮಾಂಸದ ಈ ಹ್ಯಾಮ್ ತಣ್ಣಗೆ ಬಡಿಸಿರಬೇಕು.

"ರಾಲ್ಫ್ ಟೀಸ್‌ಡೇಲ್ ಬರ್ತಾನೆ," ಎಂದಳು.

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ರಾಲ್ಫ್ ಟೀಸ್‌ಡೇಲ್?" ಜಾಬ್ಲಿಂಗ್ ಕೇಳಿದ, ಊರಲ್ಲಿ ಆ ಹೆಸರಿನವರು ಹತ್ತು ಜನ ಇದ್ದ ಹಾಗೆ.

"ಇರೋನು ಒಬ್ಬನೇ."

"ಹ್ಯಾನಾ, ಅವರಿಬ್ಬರೂ ಮಾತು ಬಿಟ್ಟು ನಲವತ್ನಾಕು ವರ್ಷ ಆಯ್ತು. ಸೆಪ್ ಈ ಕಡೆ ಬಂದ್ರೆ ಅವನು ಆ ಕಡೆಗೆ ಬೀದಿ ದಾಟೋನು. ಅವನು ಬಂದು ಹೆಗಲು ಕೊಡ್ತಾನಾ?"

"ಹೆಗಲು ಕೊಡದಿದ್ರೂ ಸರಿ, ಗುಂಡಿಗೆ ಇಳಿಸೋಕೆ ಬರಬೇಕು. ಸೆಪ್ ಕೇಳಿದ್ದು ಅದು. ಸಾಯೋಕೆ ಎರಡು ದಿನ ಮುಂಚೆ 'ರಾಲ್ಫೇ ನನ್ನನ್ನ ಇಳಿಸ್ಲಿ' ಅಂದ. ಮದುವೆಯಾದಾಗಿನಿಂದ ನನ್ನ ಹತ್ರ ಅವನು ಕೇಳಿದ್ದು ಅದೊಂದೇ. ಊಟಕ್ಕೆ ಕೂತಾಗ ಸಾಸಿವೆ ಬಿಟ್ರೆ."

ಅವಳ ಹಿಂದೆ ಮಗಳು ವಿನಿ ಬಂದು ನಿಂತಿದ್ದಳು. "ನಿನ್ನೆ ಹೋಗಿ ಹೇಳಿ ಬಂದೆನಲ್ಲಮ್ಮ. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಬಾಗಿಲು ಹಾಕ್ಕೊಂಡ. ನಮ್ಮ ಆಲನ್ ಇದಾರಲ್ಲ, ಅವರು ಹೊರ್ತಾರೆ ಬಿಡು."

ಆಲನ್ ವಿನಿಯ ಗಂಡ, ಸಮುದ್ರ ತೀರದ ಪಟ್ಟಣದವನು, ಬಸ್ ಓಡಿಸುವವನು. ಕಲ್ಲಿದ್ದಲ ಗೂಡಿನ ಪಕ್ಕ ಹ್ಯಾಟು ತೆಗೆದು ನಿಂತಿದ್ದ. ಉಳಿದ ಐವರಿಗಿಂತ ಒಂದು ತಲೆ ಎತ್ತರ. ಪ್ಯಾಲಿಸ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ.

ಹ್ಯಾನಾ ಚಾಕು ಮೇಜಿನ ಮೇಲಿಟ್ಟಳು, ಏಪ್ರನ್ ಬಿಚ್ಚಿದಳು, ಕೋಟು ಹಾಕಿಕೊಂಡಳು.

"ಎಲ್ಲಿಗಮ್ಮ?" ವಿನಿಗೆ ಗಾಬರಿಯಾಯಿತು. "ಅಪ್ಪ ಇನ್ನೂ ಮುಂದಿನ ಕೋಣೇಲಿದಾರೆ. ಹೆಣ ಮನೇಲಿರುವಾಗ ಹೆಂಡ್ತಿ ಬೀದಿಗಿಳೀತಾಳಾ? ನೋಡಿದೋರು ಏನಂದಾರು?"

"ಎಲ್ಲರೂ ಪರದೆ ಎಳ್ಕೊಂಡು ಕೂತಿದಾರೆ. ನೋಡೋದು ಹೇಗೆ?"

ಸತ್ತವನ ಗೌರವಕ್ಕೆಂದು ಬೀದಿಯ ಕಿಟಕಿಗಳೆಲ್ಲ ಪರದೆ ಎಳೆದುಕೊಂಡಿದ್ದವು ಎಂಬುದು ನಿಜ. ಪ್ರತಿಯೊಂದು ಪರದೆಗೂ ಒಂದು ಬೆರಳಗಲ ಸಂದು ಇತ್ತು ಎಂಬುದೂ ನಿಜ. ಆ ಸಂದುಗಳ ಮುಂದೆ ಹ್ಯಾನಾ ತಲೆಯೆತ್ತಿಕೊಂಡೇ ನಡೆದಳು. ಗಂಟೆ ಹನ್ನೆರಡೂವರೆ. ಪೆಟ್ಟಿಗೆ ಎತ್ತುವುದು ಎರಡಕ್ಕೆ.

*

ಗಣಿಯ ಬಾವಿಗೆ ಅದರದೇ ಆದ ಒಂದು ಭಾಷೆಯಿದೆ. ತಳದಲ್ಲಿರುವವನು ತಂತಿ ಎಳೆದರೆ ಮೇಲೆ ಎಂಜಿನ್ ಮನೆಯಲ್ಲಿ ಸುತ್ತಿಗೆಯೊಂದು ತಗಡಿನ ಮೇಲೆ ಬಡಿಯುತ್ತದೆ. ಎರಡು ಬಡಿದರೆ, ಜನರನ್ನು ಬಾವಿಯಲ್ಲಿ ಎತ್ತಿಳಿಸುವ ಕಬ್ಬಿಣದ ಪಂಜರವನ್ನು ಇಳಿಸು. ಮೂರು ಬಡಿದರೆ, ಒಳಗೆ ಮನುಷ್ಯರಿದ್ದಾರೆ, ಜೋಪಾನ. ತಂಟೆಯಿರುವುದು ಒಂದರಲ್ಲಿ. ಪಂಜರ ನಿಂತಿದ್ದಾಗ ಒಂದು ಬಡಿದರೆ ಮೇಲೆತ್ತು ಎಂದರ್ಥ. ಪಂಜರ ಓಡುತ್ತಿದ್ದಾಗ ಅದೇ ಒಂದು ಬಡಿದರೆ ನಿಲ್ಲಿಸು ಎಂದರ್ಥ. ಇದರಿಂದ ಗಣಿಯಲ್ಲಿ ಯಾರಿಗೂ ಎಂದೂ ಗೊಂದಲವಾಗಿಲ್ಲ. ಇರುವುದು ಒಂದು ಪಂಜರ, ಅದು ನಿಂತಿರುತ್ತದೆ ಇಲ್ಲವೇ ಓಡುತ್ತಿರುತ್ತದೆ.

ಸೆಪ್ ಹಾರ್ಲ್ ಮತ್ತು ರಾಲ್ಫ್ ಟೀಸ್‌ಡೇಲ್ ಹದಿಮೂರರ ವಯಸ್ಸಿನಲ್ಲಿ ಒಂದೇ ವಾರ ಗಣಿಗಿಳಿದವರು. ಇಪ್ಪತ್ತು ತುಂಬುವ ಹೊತ್ತಿಗೆ ಇಬ್ಬರನ್ನೂ ವೇರ್‌ಗೇಟ್ ಯುನೈಟೆಡ್‌ನವರು ಫುಟ್‌ಬಾಲಿಗೆ ಕರೆದುಕೊಂಡು ಹೋದರು. ಸೆಪ್ ಬಲಗಡೆಯ ಫುಲ್‌ಬ್ಯಾಕ್, ರಾಲ್ಫ್ ಎಡಗಡೆಯವನು. ಗೋಲಿನ ಮುಂದೆ ಕಾವಲು ನಿಂತು, ಬಂದ ಚೆಂಡನ್ನು ಆಕಾಶಕ್ಕೆ ಒದ್ದು ಕಳಿಸುವುದು ಅವರ ಕೆಲಸ. ಹೆಸರು ಬರುವ ಕೆಲಸವಲ್ಲ. ಸೆಪ್ ವೇರ್‌ಗೇಟ್‌ಗೆ ನೂರ ಎಂಬತ್ತು ಚಿಲ್ಲರೆ ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು, ಅದೂ ತಮ್ಮದೇ ಗೋಲಿಗೆ. ಇಂಗ್ಲೆಂಡಿನ ತಂಡಕ್ಕೆ ಒಮ್ಮೆ ಕರೆ ಬಂದು, ಇಡೀ ಪಂದ್ಯ ಕೋಟು ಹೊದ್ದು ಬೆಂಚಿನ ಮೇಲೆ ಕೂತು ಬಂದಿದ್ದ. ಆ ಕೋಟು ತುಂಬ ಬೆಚ್ಚಗಿತ್ತು ಎಂದು ಮಾತ್ರ ಹೇಳುತ್ತಿದ್ದ.

ಆದರೆ ಒಂದು ವಿದ್ಯೆಯಲ್ಲಿ ಆ ಜೋಡಿಯನ್ನು ಮೀರಿಸುವವರಿರಲಿಲ್ಲ. ಆಗಿನ ಆಫ್‌ಸೈಡ್ ನಿಯಮವೇ ಬೇರೆ. ಚೆಂಡಿಗಾಗಿ ಮುಂದೆ ಕಾಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರು ತಂಡದವರು ಮೂವರಾದರೂ ಇರಬೇಕು, ಇಲ್ಲದಿದ್ದರೆ ಸೀಟಿ. ಚೆಂಡು ಕಾಲು ಬಿಡುವ ಆ ಕ್ಷಣಕ್ಕೆ ಸರಿಯಾಗಿ ಸೆಪ್ ಮತ್ತು ರಾಲ್ಫ್ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟುಬಿಡುತ್ತಿದ್ದರು. ಪಾಪ, ಎದುರಾಳಿ ತಪ್ಪು ಮದುವೆಗೆ ಬಂದವನ ಹಾಗೆ ಒಬ್ಬನೇ ನಿಂತುಬಿಡುತ್ತಿದ್ದ. ಜನ ಬೈಯುತ್ತಿದ್ದರು, ಇದೆಂಥ ಆಟ ಎನ್ನುತ್ತಿದ್ದರು. ಇಬ್ಬರೂ ಕೈಯೆತ್ತಿ ರೆಫ್ರಿಯ ಕಡೆ ಸಾಧುಗಳಂತೆ ನೋಡುತ್ತಿದ್ದರು.

ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಸೆಪ್ ಚಪ್ಪಾಳೆ ತಟ್ಟುತ್ತಿದ್ದ. ಸಲಿಕೆ ಹಿಡಿದು ಹಲಗೆಯಾದ ಅಂಗೈ ಅವನದು, ಕೋವಿ ಹಾರಿದ ಹಾಗೆ ಕೇಳುತ್ತಿತ್ತು. ಭಾಷೆ ಬೇರೆ ಯಾವುದು ಗೊತ್ತು ಅವರಿಗೆ? ಬಾವಿಯದೇ. ಒಂದು ಎಂದರೆ ಮೇಲೆ, ಅಂದರೆ ಮುಂದಕ್ಕೆ; ಎರಡು ಎಂದರೆ ಕೆಳಗೆ, ಗೋಲಿನ ಕಡೆಗೆ. ಐದು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯ ಮಾರ್ಚ್‌ನಲ್ಲಿ ಕಪ್ ಪಂದ್ಯಾವಳಿಯ ಸೆಮಿಫೈನಲ್. ಇಪ್ಪತ್ತು ಸಾವಿರ ಜನ, ಮೊಣಕಾಲಿನವರೆಗೆ ಕೆಸರು. ಎಂಟು ನಿಮಿಷ ಉಳಿದಿತ್ತು, ಯಾರದೂ ಗೋಲಿಲ್ಲ. ವೇರ್‌ಗೇಟ್‌ನ ನಡುಗಾವಲಿನವನು ಮೊಣಕಾಲಿಗೆ ಒದೆ ತಿಂದು ಗೋಲಿನ ಹತ್ತಿರವೇ ಬಿದ್ದುಕೊಂಡಿದ್ದ. ಎದುರಾಳಿಗಳ ಕಾಲಿಗೆ ಚೆಂಡು ಸಿಕ್ಕಿತು. ಸೆಪ್ ನಿಂತಿದ್ದ. ರಾಲ್ಫ್ ಗೋಲಿನ ಕಡೆಗೆ ಹಿಂದಕ್ಕೆ ಓಡುತ್ತಿದ್ದ. ಇಬ್ಬರೂ ಮುಂದೆ ಬಂದುಬಿಟ್ಟರೆ ಹಿಂದೆ ಉಳಿಯುವುದು ಗೋಲ್‌ಕೀಪರ್ ಮತ್ತು ಬಿದ್ದವನು, ಇಬ್ಬರೇ; ಸೀಟಿ ಖಂಡಿತ. ಸೆಪ್ ಒಂದು ಚಪ್ಪಾಳೆ ತಟ್ಟಿದ.

ನಿಂತಿದ್ದವನು ತಟ್ಟಿದ ಒಂದು. ಮೇಲೆ ಬಾ ಎಂದು. ಸೆಪ್ ಮುಂದೆ ಹೋದ.

ಓಡುತ್ತಿದ್ದವನು ಕೇಳಿದ ಒಂದು. ನಿಲ್ಲು ಎಂದು. ರಾಲ್ಫ್ ನೆಟ್ಟ ಹಾಗೆ ನಿಂತ.

ಮುಂದೆ ಬಂದಿದ್ದರೆ ರೆಫ್ರಿ ಸೀಟಿ ಊದುತ್ತಿದ್ದ. ಓಡುತ್ತಲೇ ಇದ್ದಿದ್ದರೆ ಚೆಂಡಿಗೆ ಅಡ್ಡ ಹೋಗಬಹುದಿತ್ತು. ನಿಂತದ್ದರಿಂದ ಎರಡೂ ಆಗಲಿಲ್ಲ. ಗೋಲ್‌ಕೀಪರ್ ಒಬ್ಬ, ಬಿದ್ದವನು ಇನ್ನೊಬ್ಬ, ಮೂರನೆಯವನು ರಾಲ್ಫ್; ಆಫ್‌ಸೈಡ್ ಆಗಲಿಲ್ಲ. ಚೆಂಡು ಅವನ ಪಕ್ಕದಲ್ಲೇ ಹಾದು ಬಲೆಗೆ ಹೋಯಿತು.

"ಯಾಕೋ ನಿಂತೆ?" ಬಟ್ಟೆ ಬದಲಿಸುವ ಕೋಣೆಯಲ್ಲಿ ಸೆಪ್ ಕೇಳಿದ.

"ನೀನು ನಿಲ್ಲು ಅಂದೆ, ನಿಂತೆ."

"ಮೇಲೆ ಅಂದೆ ಕಣೋ!"

"ಓಡ್ತಿದ್ದೆ ನಾನು."

"ನಾನು ನಿಂತಿದ್ದೆ."

"ಅದ್ಸರಿ, ಪಂಜರ ಯಾರು? ನೀನಾ, ನಾನಾ?"

ಐದು ವರ್ಷ ಜೊತೆಗೆ ಆಡಿದವರು ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿರಲಿಲ್ಲ. ಜನ ರಾಲ್ಫ್‌ಗೆ 'ಗೂಟ' ಎಂದು ಹೆಸರಿಟ್ಟರು, ಆ ವರ್ಷದ ಪಂದ್ಯಗಳು ಮುಗಿಯುತ್ತಲೇ ಕ್ಲಬ್ಬಿನವರು ಅವನನ್ನು ಕೈಬಿಟ್ಟರು. ಪತ್ರಿಕೆಯವನು ಬಂದು ಕೇಳಿದಾಗ ಸೆಪ್, "ನಾನು ಮೇಲೆ ಅಂತ ತಟ್ಟಿದೆ," ಎಂದಷ್ಟೇ ಹೇಳಿದ. ಸುಳ್ಳಲ್ಲ. ರಾಲ್ಫ್ ಆ ಸಾಲನ್ನು ಕತ್ತರಿಸಿ ಇಟ್ಟುಕೊಂಡ, ಮಾತು ಬಿಟ್ಟ. ಊರು ಎರಡಾಯಿತು. ಶನಿವಾರ ಸಂಜೆ ಪಬ್ಬಿನಲ್ಲಿ ಇವತ್ತಿಗೂ ಬೆಂಕಿಪೆಟ್ಟಿಗೆ ಸೆಪ್ ಆಗುತ್ತದೆ, ಬಿಯರ್ ಲೋಟ ರಾಲ್ಫ್ ಆಗುತ್ತದೆ, ನಿಂತಿತ್ತು ಎನ್ನುವವರು ಒಂದು ಕಡೆ, ಓಡುತ್ತಿತ್ತು ಎನ್ನುವವರು ಇನ್ನೊಂದು ಕಡೆ. ಆ ಪಂದ್ಯದ ದಿನ ಹುಟ್ಟೇ ಇರದವರು ಎಲ್ಲರಿಗಿಂತ ಜೋರಾಗಿ ವಾದಿಸುತ್ತಾರೆ.

*

ರಾಲ್ಫ್‌ನ ಮನೆ ಸಾಲಿನ ಕೊನೆಯದು, ಎಂಜಿನ್ ಮನೆಯ ಎದುರಿಗೆ. ಹ್ಯಾನಾ ಬಾಗಿಲು ತಟ್ಟಿದಾಗ "ತೆಗೆದಿದೆ" ಎಂದು ಒಳಗಿಂದ ದನಿ ಬಂತು.

ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಮಣ್ಣು ತುಂಬಿದ ಮರದ ತಟ್ಟೆಯಲ್ಲಿ ಲೀಕ್ ಬೀಜ ಊರುತ್ತಿದ್ದ. ಬೆಂಕಿಕಡ್ಡಿಯ ತುದಿಯನ್ನು ನಾಲಗೆಗೆ ತಾಗಿಸಿ ಒಂದೊಂದೇ ಬೀಜ ಎತ್ತಿ ಇಡುವುದು. ಅವನ ತೋಳಿನಷ್ಟು ದಪ್ಪ ಬೆಳೆಯುವ ಆ ಲೀಕ್ ಈರುಳ್ಳಿಗೆ ಸೆಪ್ಟೆಂಬರಿನಲ್ಲಿ ಬಹುಮಾನ ತಪ್ಪುತ್ತಿರಲಿಲ್ಲ. ಹ್ಯಾನಾಳ ಕಣ್ಣು ಮೊದಲು ಹೋದದ್ದು ಕುರ್ಚಿಯ ಬೆನ್ನಿಗೆ. ಅಲ್ಲಿ ಕಪ್ಪು ಕೋಟು ಬ್ರಷ್ ಮಾಡಿ ತೂಗುಹಾಕಿತ್ತು. ಶೂಗಳಿಗೆ ಪಾಲಿಶ್ ಆಗಿತ್ತು. ಆದರೆ ಕಾಲಿನಲ್ಲಿ ಚಪ್ಪಲಿ.

"ಹೆಣ ಮನೇಲಿಟ್ಟು ಬಂದಿದೀಯಾ?" ಎಂದ ರಾಲ್ಫ್, ತಲೆಯೆತ್ತದೆ.

"ಅವನೇನು ಎಲ್ಲಿಗೂ ಹೋಗಲ್ಲ."

"ನಿನ್ನ ಮಗಳು ಬಂದಿದ್ಲು. ನಾನು ಇಳಿಸ್ಬೇಕಂತೆ."

"ಹೌದು."

"ನಾನೇ ಯಾಕೆ?"

"ಮೂವತ್ತು ವರ್ಷ ನೀನೇ ಇಳಿಸಿದ್ದು, ಅಭ್ಯಾಸ ಆಗಿದೆ ಅಂದ."

ರಾಲ್ಫ್ ಇನ್ನೊಂದು ಬೀಜ ಇಟ್ಟ. "ಬೇರೆ ಏನಂದ?"

ಆ ಮಾತನ್ನು ಹೇಳಬೇಕೋ ಬೇಡವೋ ಎಂದು ಹ್ಯಾನಾ ಬೀದಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಈಗ ಹೇಳಿಬಿಟ್ಟಳು. "ಇನ್ನೊಂದು ಮಾತಂದ. 'ರಾಲ್ಫ್ ಓಡ್ತಿದ್ದ ಹ್ಯಾನಾ. ಅವನು ಓಡ್ತಿದ್ದಿದ್ದು ನಂಗೆ ಕಾಣಿಸ್ತಿತ್ತು' ಅಂದ."

ಬೆಂಕಿಕಡ್ಡಿ ಮಣ್ಣಿನ ಮೇಲೆ ಬಿತ್ತು. ಅವನು ಅಳಬಹುದು ಎಂದುಕೊಂಡಳು. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಕಿವಿಯವರೆಗೆ ಕೆಂಪಾಗಿದ್ದ.

"ನಿಂಗೆ ಹೇಳಿದ್ನಾ?"

"ಹೂಂ."

"ನಿಂಗೆ! ಕಾದಿದ್ದು ನಾನು, ಹೇಳಿದ್ದು ನಿಂಗೆ! ಹಾಸಿಗೇಲಿ ಮಲಗಿಕೊಂಡು ಹೆಂಡ್ತಿ ಕಿವೀಲಿ ಹೇಳಿದ್ನಾ? ಇಪ್ಪತ್ತು ಸಾವಿರ ಜನ 'ಗೂಟ, ಗೂಟ' ಅಂತ ಕೂಗಿದಾಗ ಎಲ್ಲಿತ್ತು ಈ ಮಾತು? ಪೇಪರಿನವನು ಬಂದಾಗ ಎಲ್ಲಿತ್ತು?"

"ನನ್ನ ಮೇಲೆ ಯಾಕೆ ಕೂಗ್ತೀಯಾ? ನಿಮ್ಮಿಬ್ಬರ ನಡುವೆ ನಾನೇನು ಚೆಂಡಾ?"

"ಓಡೋದು ಕಂಡೂ ಒಂದು ತಟ್ಟಿದ. ಅಂದ್ರೆ ಅವನಿಗೆ ಗೊತ್ತಿತ್ತು!"

"ಆಗ ಗೊತ್ತಿತ್ತೋ, ಮಲಗಿಕೊಂಡು ಯೋಚನೆ ಮಾಡಿ ಮಾಡಿ ಆಮೇಲೆ ಗೊತ್ತಾಯ್ತೋ, ಹೋಗಿ ಅವನನ್ನೇ ಕೇಳು." ಹ್ಯಾನಾ ಕೇಳದೆಯೇ ಅವನ ಕುರ್ಚಿಯಲ್ಲಿ ಕೂತುಬಿಟ್ಟಳು. ಸತ್ತವನ ಮೇಲೂ ಬದುಕಿದವನ ಮೇಲೂ ಅವಳಿಗೆ ಒಟ್ಟಿಗೆ ಸಿಟ್ಟು ಬಂತು. "ನೀನಾದ್ರೂ ಒಂದಿನ ಬಂದು ನಮ್ಮ ಬಾಗಿಲು ತಟ್ಟಿದ್ಯಾ? ಹನ್ನೊಂದು ಮನೆ ಆಚೆಗೆ ಇದೀವಿ. ನಿನ್ನ ಎಲೆನ್ ಸತ್ತಾಗ ನಾನು ಹಿಂದಿನ ಬಾಗಿಲಿಂದ ಬಂದು ಅತ್ತು, ಹಿಂದಿನ ಬಾಗಿಲಿಂದಲೇ ಹೋದೆ. ಅವಳು ನನ್ನ ಗೆಳತಿ ಕಣೋ. ಜೊತೆಗೆ ಸ್ಕೂಲಿಗೆ ಹೋದೋರು ನಾವು. ನಿಮ್ಮ ಒಂದು ಚಪ್ಪಾಳೆಗೆ ನಾವಿಬ್ಬರೂ ಮೂವತ್ತೈದು ವರ್ಷ ಹಿತ್ತಿಲ ಓಣಿಗೆ ಬಂದು ಗೋಡೆ ಮೇಲಿಂದ ಕದ್ದು ಮಾತಾಡಿದ್ವಿ. ಅದನ್ನ ಪಬ್ಬಿನಲ್ಲಿ ಯಾರೂ ಲೋಟ ಇಟ್ಟು ತೋರಿಸಲ್ಲ."

ರಾಲ್ಫ್ ಕಿಟಕಿಯ ಕಡೆ ತಿರುಗಿದ. ಎದುರಿಗೆ ಎಂಜಿನ್ ಮನೆಯ ದೊಡ್ಡ ಚಕ್ರ ತಿರುಗುತ್ತಿತ್ತು. 

"ನಾನು ಬರದಿದ್ರೆ?" ಎಂದ.

"ಬರದಿದ್ರೆ ಆಲನ್ ಇಳಿಸ್ತಾನೆ." ಹ್ಯಾನಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ಬಸ್ ಓಡಿಸೋನು. ಅವನು ಬ್ರೇಕ್ ಹೇಗೆ ಹಾಕ್ತಾನೆ ಅಂತ ನಿಂಗೂ ಗೊತ್ತು. ಎರಡು ಗಂಟೆಗೆ ಎತ್ತೋದು."

*

ಕ್ಲಬ್ಬು ಕೈಬಿಟ್ಟ ಮೇಲೆ ರಾಲ್ಫ್ ಗಣಿಗೇ ಮರಳಿದ್ದ, ಆದರೆ ಕೆಳಗೆ ಇಳಿಯಲಿಲ್ಲ. ಎಂಜಿನ್ ಮನೆಯಲ್ಲಿ ಪಂಜರ ಎತ್ತಿಳಿಸುವ ಕೆಲಸ ಕಲಿತ. ಮೂರು ವರ್ಷದ ನಂತರ ಸೆಪ್‌ನ ಮಂಡಿ ಕೈಕೊಟ್ಟಿತು. ಅವನೂ ಬಂದ. ಯುದ್ಧ ಮುಗಿದ ಮೇಲೆ ಅವನಿಗೆ ಸಿಕ್ಕಿದ್ದು ಬಾವಿಯ ತಳದಲ್ಲಿ ತಂತಿ ಎಳೆಯುವ ಕೆಲಸ. ಹೀಗೆ, ಮಾತು ಬಿಟ್ಟ ಇಬ್ಬರೂ ಇಪ್ಪತ್ತನೇ ಇಸವಿಯಿಂದ ಐವತ್ತರವರೆಗೆ ದಿನಕ್ಕೆ ಮುನ್ನೂರು ಸಲ ಮಾತಾಡಿದರು. ಕೆಳಗಿಂದ ಸೆಪ್ ಬಡಿಯುವನು, ಮೇಲೆ ರಾಲ್ಫ್ ಕೇಳುವನು. ಎಂಜಿನ್ ನಡೆಸುವವನ ಜೊತೆ ಯಾರೂ ಮಾತಾಡಕೂಡದು ಎಂದು ಆ ಮನೆಯ ಬಾಗಿಲಲ್ಲಿ ಹಲಗೆಯೇ ಇತ್ತು. ಇಬ್ಬರಿಗೂ ಅನುಕೂಲವಾಯಿತು.

ಸೆಪ್‌ನ ಕೈ ರಾಲ್ಫ್‌ಗೆ ಗೊತ್ತಿತ್ತು. ಅವನ ಬಡಿತಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಅವನಿಗೆ ನೆಗಡಿಯಾದರೆ ರಾಲ್ಫ್‌ಗೆ ಎರಡನೇ ಬಡಿತದಲ್ಲಿ ತಿಳಿಯುತ್ತಿತ್ತು. ವಿನಿ ಹುಟ್ಟಿದ ದಿನ ಮೂರು ಬಡಿತವೂ ಕುಣಿಯುತ್ತಿದ್ದವು ಎಂದು ಅವನು ಎಲೆನ್‌ಗೆ ಹೇಳಿದನಂತೆ, ಎಲೆನ್ ಗೋಡೆಯ ಮೇಲಿಂದ ಹ್ಯಾನಾಗೆ ಹೇಳಿದಳು.

ಮೂವತ್ತೊಂದರಲ್ಲಿ ಒಂದು ಬೆಳಿಗ್ಗೆ ಬಡಿತ ಅವಸರವಸರವಾಗಿ ಬಂತು. ಮೂರು, ಒಂದರ ಮೇಲೊಂದು ಬಿದ್ದ ಹಾಗೆ. ಸೆಪ್‌ನ ಕೈಯಲ್ಲ. ರಾಲ್ಫ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರಿಗೆ?" ಎಂದು ಕೂಗಿದ. ಹಾರ್ಲ್, ಎಂದರು ಹೊರಗಿನವರು. ಚಾವಣಿಯ ಕಲ್ಲು, ಸೊಂಟದ ಮೇಲೆ. ಒಂದು ನಿಮಿಷದಲ್ಲಿ ಮೇಲೆ ಬರುವ ಪಂಜರ ಅವತ್ತು ನಾಲ್ಕು ನಿಮಿಷ ತೆಗೆದುಕೊಂಡಿತು. ಸ್ಟ್ರೆಚರಿನ ಪಕ್ಕ ಇಟ್ಟಿದ್ದ ಮುಚ್ಚಳವಿಲ್ಲದ ಚಹಾ ಡಬ್ಬಿ ತುಳುಕಲಿಲ್ಲ ಎಂದು ಅದೇ ಪಂಜರದಲ್ಲಿದ್ದ ಜಾಬ್ಲಿಂಗ್ ಈಗಲೂ ಆಣೆಯಿಟ್ಟು ಹೇಳುತ್ತಾನೆ. ದಾರಿಯಲ್ಲಿ ಸೆಪ್ ಒಮ್ಮೆ ಕಣ್ಣು ಬಿಟ್ಟು, "ಎಂಜಿನ್‌ನಲ್ಲಿ ಯಾರು?" ಎಂದು ಕೇಳಿದನಂತೆ. ರಾಲ್ಫ್ ಎಂದಾಗ ಮತ್ತೆ ಕಣ್ಣು ಮುಚ್ಚಿದನಂತೆ.

ರಾಲ್ಫ್ ನೋಡಲು ಬರಲಿಲ್ಲ. ಆದರೆ ಆರು ವಾರ ಪ್ರತಿ ಶನಿವಾರ ಹಾರ್ಲ್ ಮನೆಯ ಮೆಟ್ಟಿಲ ಮೇಲೆ ತೊಳೆದ ಲೀಕ್‌ನ ಒಂದು ಕಟ್ಟು ಇರುತ್ತಿತ್ತು. ಹ್ಯಾನಾ ಸೂಪ್ ಮಾಡಿದಳು. ಸೆಪ್ ಕುಡಿದ, ಲೀಕ್ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಮಾತಿಗಿಂತ ಬಡಿತವೇ ಅವನಿಗೆ ಸಲೀಸು. ಮನೆಯಲ್ಲೂ ಚಮಚದಿಂದ ಮೇಜಿನ ಮೇಲೆ ಬಡಿಯುತ್ತಿದ್ದ. ಎರಡು ಎಂದರೆ ಬಟ್ಟಲು ಇಳಿಸು. ಬಡಿಸುತ್ತಿರುವಾಗ ಒಂದು ಎಂದರೆ ಸಾಕು, ನಿಲ್ಲಿಸು. ಖಾಲಿ ಬಟ್ಟಲು ಮುಂದೆ ನಿಂತಿದ್ದಾಗ ಒಂದು ಎಂದರೆ ಎತ್ತು. ಹ್ಯಾನಾ ಮೊದಮೊದಲು ಬೈದಳು. ಆಮೇಲೆ ಅವಳಿಗೂ ರೂಢಿಯಾಯಿತು.

*

ಎರಡು ಗಂಟೆಗೆ ರಾಲ್ಫ್ ಬರಲಿಲ್ಲ. ಎರಡೂ ಐದಕ್ಕೂ ಬರಲಿಲ್ಲ. ಪ್ಯಾಲಿಸ್ಟರ್ ಗಡಿಯಾರ ತೆಗೆದು ನೋಡಿ, ಹ್ಯಾನಾಳ ಮುಖ ನೋಡಿ, ಆಲನ್‌ಗೆ ಸನ್ನೆ ಮಾಡಿದ.

ಪೆಟ್ಟಿಗೆ ಬೀದಿಗೆ ಬಂತು. ಹಿಂದಿನ ಮೂಲೆಯಲ್ಲಿ ಆಲನ್ ಮಂಡಿ ಬಗ್ಗಿಸಿಕೊಂಡೇ ನಡೆಯುತ್ತಿದ್ದ, ಆದರೂ ಆ ಮೂಲೆ ಎತ್ತರವಾಗಿಯೇ ಇತ್ತು.

"ಬಗ್ಗೋ ಇನ್ನೂ ಸ್ವಲ್ಪ," ಜಾಬ್ಲಿಂಗ್ ಹಲ್ಲು ಕಚ್ಚಿ ಹೇಳಿದ. "ಸೆಪ್ ಪೂರ್ತಿ ನನ್ನ ಕಡೆ ಬರ್ತಿದಾನೆ."

"ಇನ್ನೂ ಬಗ್ಗಿದ್ರೆ ತೆವಳಬೇಕಾಗುತ್ತೆ ಸಾರ್."

ಹ್ಯಾನಾ ವಿನಿಯ ತೋಳು ಹಿಡಿದು ಹಿಂದೆ ನಡೆದಳು. ಕೊನೆಯ ಮನೆಯ ಮುಂದೆ ಹಾದಾಗ ಅದರ ಪರದೆಯನ್ನು ನೋಡಿದಳು. ಪೂರ್ತಿ ಎಳೆದಿತ್ತು, ಸಂದು ಇರಲಿಲ್ಲ. ಅವನು ಕೇಳಿದ್ದು ಒಂದೇ ಒಂದು, ಅದನ್ನೂ ನನ್ನ ಕೈಲಿ ಮಾಡಿಸೋಕಾಗಲಿಲ್ಲ ಎಂದುಕೊಂಡಳು. ಮೂರು ದಿನ ಬಾರದಿದ್ದ ಅಳು ಅವಳಿಗೆ ಅಲ್ಲಿ ಬಂತು.

ಚರ್ಚಿನಲ್ಲಿ ಪಾದ್ರಿ, ಸೆಪ್‌ನ ಪೂರ್ತಿ ಹೆಸರು ಹಿಡಿದು, ಸೆಪ್ಟಿಮಸ್ ಹಾರ್ಲ್ ಒಳ್ಳೆಯ ಗಂಡ, ಒಳ್ಳೆಯ ತಂದೆ, ಪ್ರಾಮಾಣಿಕ ಕೆಲಸಗಾರ ಎಂದ. ಒಂದು ಕಾಲದಲ್ಲಿ ಫುಟ್‌ಬಾಲ್ ಕೂಡ ಆಡಿದ್ದರಂತೆ, ಎಂದೂ ಸೇರಿಸಿದ. ಆ 'ಅಂತೆ' ಕೇಳಿ ಬೆಂಚುಗಳಲ್ಲಿ ಕೆಲವರು ಕೆಮ್ಮಿದರು. ಪಾದ್ರಿ ಹೊಸಬ.

ಹೊರಗೆ ಫೆಬ್ರವರಿಯ ಗಾಳಿ. ಸ್ಮಶಾನದ ಮೂಲೆಯಲ್ಲಿ ತೋಡಿದ್ದ ಗುಂಡಿಯ ಹತ್ತಿರ ಬಂದಾಗ, ಮಣ್ಣಿನ ಗುಡ್ಡೆಯ ಪಕ್ಕ ಆಗಲೇ ಒಬ್ಬ ನಿಂತಿದ್ದ. ಕಪ್ಪು ಕೋಟು, ಪಾಲಿಶ್ ಮಾಡಿದ ಶೂ, ಕೈಯಲ್ಲಿ ಟೋಪಿ. ಜನ ತಾವಾಗಿಯೇ ದಾರಿ ಬಿಟ್ಟರು. ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲೆ ಇರಿಸಿ, ಹೊತ್ತವರು ಆರು ಹಗ್ಗಗಳನ್ನು ಹಿಡಿದುಕೊಂಡಾಗ ರಾಲ್ಫ್ ಆಲನ್‌ನ ಹತ್ತಿರ ಬಂದು ಸುಮ್ಮನೆ ಕೈಚಾಚಿದ. ಆಲನ್ ಹೆಂಡತಿಯ ಕಡೆ ನೋಡಿದ. ವಿನಿ ತಲೆಯಾಡಿಸಿದಳು. ಹಗ್ಗ ಕೈ ಬದಲಾಯಿತು.

ಎಲ್ಲರೂ ಹಗ್ಗ ಬಿಗಿ ಹಿಡಿದು ಪೆಟ್ಟಿಗೆಯನ್ನು ಎತ್ತಿದರು. ಕೆಳಗಿದ್ದ ಹಲಗೆಗಳನ್ನು ಸರಿಸಲಾಯಿತು. ಪಾದ್ರಿ ಪುಸ್ತಕ ತೆರೆದ.

"ಇಳಿಸಿ," ಎಂದ ಪ್ಯಾಲಿಸ್ಟರ್ ಮೆಲ್ಲಗೆ.

ಐವರು ಹಗ್ಗ ಸಡಿಲಿಸಿದರು. ಆರನೆಯದು ಅಲ್ಲಾಡಲಿಲ್ಲ. ಪೆಟ್ಟಿಗೆ ಓರೆಯಾಯಿತು, ಐವರೂ ತಟ್ಟನೆ ಬಿಗಿ ಹಿಡಿದರು.

"ಇಳಿಸಿ ಸ್ವಾಮಿ."

"ಬಡಿತ ಬಂದಿಲ್ಲ," ಎಂದ ರಾಲ್ಫ್.

ಪಾದ್ರಿಗೆ ಅರ್ಥವಾಗಲಿಲ್ಲ.  ಹಿಂದೆ ನಿಂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ನಲವತ್ನಾಲ್ಕು ವರ್ಷದ ಹಗೆಯನ್ನು ಹೆಣದ ಮೇಲೆ ತೀರಿಸಿಕೊಳ್ಳಲು ಬಂದನೇ ಎಂದು ವಿನಿಗೂ ಒಂದು ಕ್ಷಣ ಅನ್ನಿಸಿತು.

"ಬಡಿಯೋನು ಪೆಟ್ಟಿಗೇಲಿದಾನೆ ಕಣೋ," ಜಾಬ್ಲಿಂಗ್ ಅಂದ. 

"ನಂಗೊತ್ತು." ರಾಲ್ಫ್ ಹಗ್ಗದ ಮೇಲಿನ ತನ್ನ ಕೈಗಳನ್ನೇ ನೋಡಿಕೊಂಡ. "ಏನ್ಮಾಡ್ಲಿ ಮತ್ತೆ? ಬಡಿತ ಇಲ್ದೆ ಅವನನ್ನ ನಾನು ಯಾವತ್ತೂ ಇಳಿಸಿಲ್ಲ. ನನ್ನ ಕೈ ಬರಲ್ಲ ಕಣೋ."

ಅದು ಹಟವಲ್ಲ ಎಂದು ಹ್ಯಾನಾಗೆ ತಿಳಿಯಿತು. ಅವಳು ಬಲಗೈಯ ಗ್ಲೌಸು ತೆಗೆದಳು, ಎಡಗೈಯದೂ ತೆಗೆದಳು, ಎರಡನ್ನೂ ವಿನಿಯ ಕೈಗಿತ್ತು ಗುಂಡಿಯ ಅಂಚಿಗೆ ಬಂದಳು. ಅಂಗೈಗಳನ್ನು ಎತ್ತಿ ತಟ್ಟಿದಳು.

ಮೂರು.

ಹಗ್ಗ ಹಿಡಿದಿದ್ದ ಐವರು ಮುದುಕರೂ ಯಾರೂ ಹೇಳದೆ ಕಾಲು ಅಗಲಿಸಿ ನಿಂತರು. ಒಳಗೆ ಮನುಷ್ಯನಿದ್ದಾನೆ, ಜೋಪಾನ. ರಾಲ್ಫ್ ಟೋಪಿಯನ್ನು ನೆಲಕ್ಕೆ ಬಿಟ್ಟು ಹಗ್ಗವನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡ.

ಎರಡು.

ಪೆಟ್ಟಿಗೆ ಇಳಿಯತೊಡಗಿತು. ರಾಲ್ಫ್ ಬಿಟ್ಟಷ್ಟೇ ಉಳಿದವರೂ ಬಿಟ್ಟರು. ಅದು ಒಂದು ಕಡೆಗೂ ಓರೆಯಾಗಲಿಲ್ಲ, ಗೋಡೆಯ ಮಣ್ಣನ್ನು ತಾಗಲಿಲ್ಲ. ಅಷ್ಟು ನಿಧಾನವಾಗಿ ಇಳಿದ ಪೆಟ್ಟಿಗೆಯನ್ನು ಪ್ಯಾಲಿಸ್ಟರ್ ತನ್ನ ಕಸುಬಿನಲ್ಲಿ ಕಂಡಿರಲಿಲ್ಲ. ಅರ್ಧ ದಾರಿಯಲ್ಲಿ ರಾಲ್ಫ್ ಗುಂಡಿಯೊಳಗೆ ನೋಡುತ್ತ ಏನೋ ಹೇಳಿದ. ಪಕ್ಕದಲ್ಲಿದ್ದ ಜಾಬ್ಲಿಂಗ್‌ಗೆ ಕೇಳಿಸಿತು.

"ನಿಂತಿದ್ದೆ ಕಣೋ ನೀನು. ಓಡ್ತಾ ಓಡ್ತಾ ನಾನು ನೋಡಿದ್ದೆ. ನೀನು ನಿಂತಿದ್ದೆ."

ಹ್ಯಾನಾ ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದಳು. ಪೆಟ್ಟಿಗೆ ತಳ ಮುಟ್ಟುವ ಹೊತ್ತಿಗೆ ಸರಿಯಾಗಿ ಕೈ ತಟ್ಟಿದಳು.

ಒಂದು.

ಆ ಸದ್ದಿಗೇ ರಾಲ್ಫ್‌ನ ಕೈ ನಿಂತಿತು. ಆರೂ ಹಗ್ಗ ನಿಂತವು.

ಪಾದ್ರಿ ಓದಿ ಮುಗಿಸಿದ. ಒಬ್ಬೊಬ್ಬರೇ ತಮ್ಮ ಹಗ್ಗದ ತುದಿಯನ್ನು ಗುಂಡಿಗೆ ಬಿಟ್ಟು ಹಿಂದೆ ಸರಿದರು, ಜಾಬ್ಲಿಂಗ್ ಎಲ್ಲರಿಗಿಂತ ಕೊನೆಗೆ. ರಾಲ್ಫ್ ಬಿಡಲಿಲ್ಲ. "ಆಯ್ತು, ಇನ್ನು ಬಿಡಿ," ಎಂದು ಪ್ಯಾಲಿಸ್ಟರ್ ಅವನ ಮೊಣಕೈ ಮುಟ್ಟಿದ. ಅವನಿಗೆ ಕೇಳಿಸಲಿಲ್ಲ. ಹಗ್ಗ ಬಿಗಿ ಹಿಡಿದುಕೊಂಡೇ, ಮುಂದಿನ ಬಡಿತಕ್ಕೆ ಕಾಯುತ್ತ, ಹ್ಯಾನಾಳ ಕೈಗಳನ್ನೇ ನೋಡುತ್ತ ನಿಂತಿದ್ದ.

ಪಂಜರ ಈಗ ನಿಂತಿತ್ತು; ಇನ್ನೊಂದು ಬಡಿದರೆ ಮೇಲೆತ್ತು ಎಂದರ್ಥ. ಹ್ಯಾನಾ ಚಳಿಗೆ ಕೆಂಪಾದ ಎರಡು ಅಂಗೈಗಳನ್ನು ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದಿದ್ದಳು. ವಿನಿ ಬಂದು ಗ್ಲೌಸು ತೊಡಿಸುವವರೆಗೂ ಅವುಗಳನ್ನು ಒಂದಕ್ಕೊಂದು ತಾಗಲು ಬಿಡಲಿಲ್ಲ.